ರೀಸ್ಟಾರ್ಟ್ ಒಂದೇ ಸಾಲದು
ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣಗಳಲ್ಲಿ ಓಡಿಸುವ ಡಾಕರ್ ಬಗ್ಗೆ ನಿಮ್ಮ ಲೇಖನ ಓದಿದೆ ಸರ್. ಡೀಮನ್ ಕಾನ್ಫಿಗ್‌ನಲ್ಲಿ (ಡಾಕರ್‌ನ ಹಿನ್ನೆಲೆ ಸೇವೆಯ ಸೆಟ್ಟಿಂಗ್ ಫೈಲ್) ಲಾಗ್ ಡ್ರೈವರನ್ನು, ಅಂದರೆ ಲಾಗ್ ಎಲ್ಲಿಗೆ ಹೋಗಬೇಕೆಂಬ ಆಯ್ಕೆಯನ್ನು, ಜರ್ನಲ್‌ಡಿ (ಲಿನಕ್ಸ್‌ನ ಸಿಸ್ಟಂ ಲಾಗ್ ಸೇವೆ) ಎಂದು ಬದಲಿಸಿ ಡಾಕರ್ ರೀಸ್ಟಾರ್ಟ್ ಮಾಡಿದರೆ ಆಯಿತು ಎಂದು ಬರೆದಿದ್ದೀರಿ. ಅದು ಹೊಸದಾಗಿ ರಚಿಸುವ ಕಂಟೇನರ್‌ಗಳಿಗೆ ಮಾತ್ರ ಅನ್ವಯ. ಹಳೆಯವು ಮೊದಲಿನಂತೆ ಡಾಕರ್‌ನ ಡೀಫಾಲ್ಟ್ ಆದ ಜೇಸನ್ ಫೈಲ್‌ಗೇ ಬರೆಯುತ್ತಿರುತ್ತವೆ, ಅವನ್ನು ತೆಗೆದು ಮತ್ತೆ ರಚಿಸಲೇಬೇಕು.

ನಾನು ಜರ್ನಲ್‌ಡಿಗೆ ಒಲಿದದ್ದು ಒಂದು ರಾತ್ರಿಯ ಕೆಲಸದಿಂದ. ಕ್ರ್ಯಾಶ್ ಆದ ಕಂಟೇನರನ್ನು ಸಹೋದ್ಯೋಗಿ ಅಳಿಸಿಬಿಟ್ಟಿದ್ದರು. ಡಾಕರ್ ಲಾಗ್ಸ್ ಕಮಾಂಡ್‌ನಿಂದ ಕೇಳಿದರೆ ಅಂಥ ಕಂಟೇನರೇ ಇಲ್ಲ ಎಂದಿತು. ಜರ್ನಲ್ ಓದುವ ಕಮಾಂಡ್ ಆದ ಜರ್ನಲ್‌ಸಿಟಿಎಲ್‌ಗೆ ಕಂಟೇನರ್ ನೇಮ್ ಫೀಲ್ಡ್ ಕೊಟ್ಟು ಹುಡುಕಿದೆ, ಕೊನೆಯ ಸಾಲಿನವರೆಗೂ ಎಲ್ಲ ಅಲ್ಲೇ ಇತ್ತು. ಸ್ಟ್ಯಾಂಡರ್ಡ್ ಎರರ್‌ನ (ಪ್ರೋಗ್ರಾಂ ದೋಷ ಸಂದೇಶ ಬರೆಯುವ ಹೊರಹರಿವು) ಸಾಲುಗಳಿಗೆ ಎರರ್ ಪ್ರಯಾರಿಟಿ ಬಿದ್ದಿರುವುದರಿಂದ ಅವನ್ನಷ್ಟೇ ಸೋಸಿ ನೋಡಬಹುದು.

ಆದರೆ ಜರ್ನಲ್‌ಡಿಯ ರೇಟ್ ಲಿಮಿಟ್, ಅಂದರೆ ಇಷ್ಟು ಹೊತ್ತಿಗೆ ಇಷ್ಟೇ ಸಂದೇಶ ಎಂಬ ಮಿತಿಯ ಬಗ್ಗೆ ನೀವು ಹೇಳಲೇಬೇಕಿತ್ತು. ಡೀಫಾಲ್ಟ್ 30 ಸೆಕೆಂಡಿಗೆ 10,000 ಸಂದೇಶ (ಡಿಸ್ಕ್‌ನಲ್ಲಿ ಖಾಲಿ ಜಾಗ ಹೆಚ್ಚಿದ್ದರೆ ಮಿತಿಯೂ ಏರುತ್ತದೆ). ಈ ಲೆಕ್ಕ ಸರ್ವೀಸ್‌ಗೊಂದರಂತೆ. ಕಂಟೇನರ್‌ಗಳ ಸಾಲುಗಳೆಲ್ಲ ಡಾಕರ್ ಸರ್ವೀಸ್ ಹೆಸರಿನಲ್ಲೇ ಬರುತ್ತವೆ. ಒಂದು ಕಂಟೇನರ್ ಡೀಬಗ್ ಲಾಗ್ ಸುರಿಯತೊಡಗಿದರೆ ಪಕ್ಕದ್ದರ ಸಾಲುಗಳೂ ಕಳೆದುಹೋಗಬಹುದು. ಸಂದೇಶಗಳನ್ನು ತಡೆಹಿಡಿಯಲಾಗಿದೆ ಎಂಬ ಸಾಲು ಜರ್ನಲ್‌ನಲ್ಲಿ ಕಂಡರೆ ದಯವಿಟ್ಟು ಕಡೆಗಣಿಸಬೇಡಿ, ಕೂಡಲೇ ಬರ್ಸ್ಟ್ ಮಿತಿ (ಆ 10,000 ಸಂದೇಶದ ಸಂಖ್ಯೆ) ಏರಿಸಿ.