ಪುಚ್ಚೆಯ ಹಲ್ಲು

ಬೆಳಿಗ್ಗೆ ಚಹಾ ಮಾಡಲು ಹೋಗುವಾಗ ಅಂಗಾಲಿಗೆ ಏನೋ ಚುಚ್ಚಿತು. ಬಂಗುಡೆ ಮುಳ್ಳು ಅಂದುಕೊಂಡು, ಈ ಮನೆಯಲ್ಲಿ ಗುಡಿಸುವವರೇ ಇಲ್ಲ ಅಂತ ದೊಡ್ಡದಾಗಿ ಹೇಳಿಯೂ ಆಯಿತು. ನಿನ್ನೆ ಗುಡಿಸುವ ಸರದಿ ನನ್ನದಾಗಿತ್ತು ಎಂಬುದು ಆಮೇಲೆ ನೆನಪಾಯಿತು. ಕನ್ನಡಕ ಹಾಕಿ ನೋಡಿದರೆ ಹಲ್ಲು! ಅಕ್ಕಿ ನುಚ್ಚಿನಷ್ಟು ಗಾತ್ರ, ತುದಿ ಸೂಜಿ. ಮೊದಲು ನಾಲಿಗೆ ಆಡಿಸಿ ನನ್ನದಲ್ಲ ಅಂತ ಖಾತ್ರಿ ಮಾಡಿಕೊಂಡೆ. ಐವತ್ತೈದು ದಾಟಿದ ಮೇಲೆ ಮೊದಲ ಅನುಮಾನ ಸ್ವಂತದ ಮೇಲೆಯೇ.

ಪುಚ್ಚೆಯದ್ದು. ಮಂಗಳೂರಿನ ಬಿಜೈಯ ನಮ್ಮ ಫ್ಲ್ಯಾಟಿನ ಕೆಳಗೆ ಸ್ಕೂಟರ್ ಸೀಟಿನ ಮೇಲೆ ಸಿಕ್ಕಿದ ಮರಿ, ಈಗ ಅದಕ್ಕೆ ನಾಲ್ಕು ತಿಂಗಳು. ಹೆಸರಿನ ವಿಷಯದಲ್ಲಿ ತಾಯಿ ಮಗಳಿಗೆ ರಾಜಿಯಾಗದೆ, ತುಳುವಿನಲ್ಲಿ ಬೆಕ್ಕಿಗೆ ಏನನ್ನುತ್ತಾರೋ ಅದೇ ಉಳಿಯಿತು. ಎರಡು ವಾರದಿಂದ ಕಂಡದ್ದನ್ನೆಲ್ಲ ಅಗಿಯುತ್ತಿತ್ತು. ಚಾರ್ಜರ್ ವಯರು, ಚಪ್ಪಲಿಯ ಬಾರು, ಕರೆಂಟ್ ಬಿಲ್ಲು. ಬಿಲ್ಲಿನ ಬಗ್ಗೆ ನನ್ನ ತಕರಾರಿಲ್ಲ. ಲಸಿಕೆ ಹಾಕಿಸಲು ಹೋದಾಗ ಡಾಕ್ಟ್ರು ಹೇಳಿದ್ದರು: ಹಾಲುಹಲ್ಲು 26, ಅವು ಉದುರಿ 30 ಬರುತ್ತವೆ, ಆರು ತಿಂಗಳೊಳಗೆ ಕೆಲಸ ಮುಗಿಯುತ್ತದೆ. ಉದುರಿದ್ದನ್ನು ಹೆಚ್ಚಾಗಿ ನುಂಗಿಬಿಡುತ್ತವೆ, ಕೈಗೆ ಸಿಕ್ಕಿದರೆ ಅದೃಷ್ಟ. ಕೈಗೆ ಎಂದಿದ್ದರು, ಕಾಲಿಗೆ ಅಂತ ಹೇಳಿರಲಿಲ್ಲ.

ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ನಾನು ಸುಮ್ನೆ ಮೇಲೆ ನೋಡಿದೆ. ಕಂಡದ್ದು ಫ್ಯಾನು.

ಉಡುಪಿ ಹತ್ತಿರದ ನಮ್ಮ ಹಳೆಮನೆಯಲ್ಲಿ ಹಾಗಲ್ಲ, ಮೇಲೆ ನೋಡಿದರೆ ಮಾಡು. ಮಾಡಿನ ತುಂಬ ಮಂಗಳೂರು ಹಂಚು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಬಾಸೆಲ್ ಮಿಷನ್‌ನವರು ಮಳೆನೀರು ಹರಿಯಲಿಕ್ಕೆ ಅಂತ ಅದಕ್ಕೆ ತೋಡು ಇಟ್ಟರಲ್ಲ, ನನ್ನ ಕಷ್ಟ ಶುರುವಾದದ್ದು ಆ ತೋಡಿನಿಂದ. ಹಲ್ಲು ಬಿದ್ದರೆ ಸೆಗಣಿಯಲ್ಲಿ ಉಂಡೆ ಕಟ್ಟಿ ಮಾಡಿಗೆ ಎಸೆಯಬೇಕು. ಅಲ್ಲೇ ನಿಂತರೆ ಹೊಸ ಹಲ್ಲು ಚಂದ ಬರುತ್ತದೆ. ವಾಪಸ್ ಉರುಳಿ ಅಂಗಳಕ್ಕೆ ಬಿದ್ದರೆ ಸೊಟ್ಟ. ಇದು ಅಜ್ಜಿಯ ಕಾನೂನು. ನನ್ನ ಮುಂದಿನ ಹಲ್ಲು ಎಸೆದೆ. ಟಕ್ ಅಂತ ಸದ್ದಾಯಿತು, ಆಮೇಲೆ ಗೊರಗೊರ ಅಂತ ತೋಡಿನಲ್ಲಿ ಉರುಳುವ ಸದ್ದು, ಆಮೇಲೆ ಏನೂ ಇಲ್ಲ. ನಿಂತಿತೋ, ಬಿದ್ದಿತೋ? ಅಂಗಳವೆಲ್ಲ ಹುಡುಕಿದೆ. ಅಣ್ಣ "ಸೊಟ್ಟ, ಸೊಟ್ಟ" ಅಂತ ಹಿಂದೆಯೇ ಬಂದ. ಮಳೆ ಹಿಡಿದ ಮೇಲೆ ಸೂರಿನಡಿ ಹಂಡೆ ಇಟ್ಟರು. ನಾನು ದಿನಾ ಅದರೊಳಗೆ ಇಣುಕುತ್ತಿದ್ದೆ. ಮರುವರ್ಷ ಮೇ ತಿಂಗಳಲ್ಲಿ ಹಂಚು ಕೈಯಾಡಿಸಲು ಬಂದವರು ಮೇಲಿನಿಂದ ಒಂದು ರಬ್ಬರ್ ಚೆಂಡು, ಅರ್ಧ ಬಾಚಣಿಗೆ ಎಲ್ಲ ಕೆಳಗೆ ಹಾಕಿದರು. "ನನ್ನ ಹಲ್ಲು ಉಂಟಾ?" ಎಂದು ಕೇಳಿದೆ. ಅವರು ಬೀಡಿ ತೆಗೆದು ಬಹಳ ಗಂಭೀರವಾಗಿ ಹೇಳಿದರು: "ಪುಚ್ಚೆ ತಿಂದಿರ್ಬೇಕು ಮಾರಾಯ."

ಹಲ್ಲು ಸೊಟ್ಟವೇ ಬಂದಿತ್ತು. ಫೋಟೋಗಳಲ್ಲಿ ನಾನು ಬಾಯಿ ಮುಚ್ಚಿರುವುದು ಗಾಂಭೀರ್ಯದಿಂದಲ್ಲ. ಬೆಕ್ಕುಗಳ ಮೇಲೆ ನನಗೆ ಒಂದು ಹಳೆಯ ಲೆಕ್ಕ ಬಾಕಿ ಉಂಟು.

ಈಗ ಈ ಪುಚ್ಚೆಯ ಬಾಯಿ ನೋಡಿದರೆ ಮೈ ಉರಿಯುತ್ತದೆ. ಹಳೆಯ ಕೋರೆಹಲ್ಲು ಬೀಳುವ ಮೊದಲೇ ಪಕ್ಕದಲ್ಲಿ ಹೊಸದು ಬಂದು ನಿಂತಿದೆ, ಒಂದೇ ಕಡೆ ಎರಡು! ನೋವಿಗೆ ಎರಡು ದಿನ ಗಟ್ಟಿ ತಿಂಡಿ ಬಿಟ್ಟು ಬೇಯಿಸಿದ ಬೂತಾಯಿ ಮೀನು ತಿಂದಿತು, ಅಷ್ಟೇ. ನಾನು? ಒಂದು ದವಡೆಹಲ್ಲಿಗೆ ಹಲ್ಲಿನ ಡಾಕ್ಟ್ರ ಹತ್ತಿರ ಐದು ಸಲ ಹೋಗಿ ಕೂತೆ. ಬಾಯಿಯೊಳಗೆ ಎರಡು ಕೈ ಹಾಕಿಕೊಂಡು "ಮಗಳು ಎಂತ ಓದುದು?" ಎಂದು ಕೇಳುವವರಿಗೆ ಉತ್ತರ ಹೇಗೆ ಕೊಡುವುದು? ಅಷ್ಟು ದುಡ್ಡು ಸುರಿದು ಹಾಕಿಸಿದ ಕ್ಯಾಪು ಒಣ ಕೋರಿರೊಟ್ಟಿಯ ಮೊದಲ ತುಂಡಿಗೇ ಎದ್ದು ಬಂತು. "ರೊಟ್ಟಿ ಯಾಕೆ ತಿಂದ್ರಿ?" ಅಂತ ನನಗೇ ಜೋರು. ಮಂಗಳೂರಿನಲ್ಲಿ ಕ್ಯಾಪು ಹಾಕುವವರಿಗೆ ಕೋರಿರೊಟ್ಟಿ ಗೊತ್ತಿರಬೇಡವಾ?

ಇರಲಿ. ಹಲ್ಲು ಎಸೆಯಬೇಕಲ್ಲ. ನಮ್ಮದು ನಾಲ್ಕನೇ ಮಹಡಿ, ಮೇಲೆ ಇನ್ನೊಬ್ಬರ ಬಚ್ಚಲುಮನೆ. ಟೆರೇಸಿನ ಬೀಗದ ಕೈ ಅಸೋಸಿಯೇಷನ್ ಸೆಕ್ರೆಟರಿ ಹತ್ತಿರ. ಹಪ್ಪಳ ಒಣಗಿಸಲು ಕೇಳಿದರೇ ಹತ್ತು ಪ್ರಶ್ನೆ, ಬೆಕ್ಕಿನ ಹಲ್ಲು ಎಸೆಯಲಿಕ್ಕೆ ಅಂತ ಹೇಗೆ ಕೇಳುವುದು? ಅದಕ್ಕೇ ಸದ್ಯಕ್ಕೆ ಏಲಕ್ಕಿ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಹೆಂಡತಿಗೆ ಹೇಳಿಲ್ಲ. ನಾಡಿದ್ದು ಮನೆಯಲ್ಲಿ ಪಾಯಸ ಉಂಟು.