ಬಿಡಿಸಿದ ಮೇಲೆ ದರ ನೋಡಿ ಏನು ಮಾಡುವುದು?

ನನ್ನ ಮೊಬೈಲಿನಲ್ಲಿ ಟೊಮೆಟೊ ದರ ತಿಳಿಸುವ ವಾಟ್ಸ್‌ಆ್ಯಪ್ ಗುಂಪುಗಳೇ ಹದಿನಾಲ್ಕು ಇದ್ದವು. ಕೋಲಾರ ಎಪಿಎಂಸಿಗೆ ಮೂರು, ಚಿಂತಾಮಣಿಗೆ ಎರಡು, ವಡ್ಡಹಳ್ಳಿಗೆ ಒಂದು, ಮದನಪಲ್ಲಿಗೆ ಒಂದು (ಅದು ತೆಲುಗಿನಲ್ಲಿ, ನಮ್ಮ ಕಡೆಯವರಿಗೆ ಅದೇನು ಕಷ್ಟವಲ್ಲ). ಉಳಿದವುಗಳಿಗೆ ನನ್ನನ್ನು ಯಾರು, ಯಾವಾಗ ಸೇರಿಸಿದರೋ ದೇವರೇ ಬಲ್ಲ.

2023ರ ಜುಲೈಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತಲ್ಲ, ಈ ಕಾಯಿಲೆ ಹತ್ತಿದ್ದು ಆಗ. ನಡುರಾತ್ರಿ ಎದ್ದು ಫೋನು ನೋಡುತ್ತಿದ್ದೆ. ದರ ಏರಿದ್ದರೆ ನಿನ್ನೆಯೇ ಬಿಡಿಸಿಬಿಟ್ಟೆವಲ್ಲ ಎಂಬ ಸಂಕಟ. ಇಳಿದಿದ್ದರೆ ನಿನ್ನೆಯೇ ಬಿಡಿಸಬೇಕಿತ್ತು ಎಂಬ ಸಂಕಟ. ಸೆಪ್ಟೆಂಬರ್ ಹೊತ್ತಿಗೆ ದರ ನೆಲ ಕಚ್ಚಿತು. ನನ್ನ ಚಟ ಮಾತ್ರ ಇಳಿಯಲಿಲ್ಲ.

ಒಂದು ದಿನ ಬಾಕ್ಸುಗಳನ್ನು ಟೆಂಪೋಗೆ ತುಂಬಿಸುತ್ತಿದ್ದಾಗಲೂ ಒಂದು ಕೈಯಲ್ಲಿ ಫೋನು ಹಿಡಿದೇ ಇದ್ದೆ. ನಾಸಿಕದ ಮಾಲು ಬರುತ್ತಿದೆ, ಇಂದು ಮಾರುಕಟ್ಟೆ ಬಿದ್ದೇ ಹೋಯಿತು ಎಂದು ಯಾರೋ ಹಾಕಿದ್ದರು. ಅಪ್ಪನಿಗೆ ಓದಿ ಹೇಳಿದೆ. ಅವರು ಬಾಕ್ಸು ಎತ್ತಿಕೊಡುತ್ತಲೇ ಕೇಳಿದರು: "ಬಿಡಿಸಿದ ಮೇಲೆ ದರ ನೋಡಿ ಏನು ಮಾಡುತ್ತೀಯಪ್ಪಾ? ಹಣ್ಣನ್ನು ತಿರುಗಿ ಗಿಡಕ್ಕೆ ಅಂಟಿಸುತ್ತೀಯಾ?"

ಉತ್ತರ ಹೊಳೆಯಲಿಲ್ಲ. ದೂರದ ಊರಿಗೆ ಹೋಗುವ ಕಾಯಿಯನ್ನು ದೋರೆಯಾದಾಗಲೇ ಬಿಡಿಸಬೇಕು. ಬಿಡಿಸಿದ ಮೇಲೆ ಹರಾಜಿನಲ್ಲಿ ಕೂಗಿದ್ದೇ ದರ. ನಡುವಿನ ಆ ಹತ್ತು ಗಂಟೆ ನಾನು ನೂರು ಸಲ ಫೋನು ನೋಡಿದರೂ ಬಾಕ್ಸಿಗೆ ಒಂದು ರೂಪಾಯಿ ಹೆಚ್ಚುವುದಿಲ್ಲ. ಯಾವ ಬೆಳೆ ಇಡಬೇಕು, ಎಷ್ಟು ಇಡಬೇಕು ಎಂದು ಯೋಚಿಸುವಾಗ ದರ ತಿಳಿದಿರಬೇಕು, ಒಪ್ಪುತ್ತೇನೆ. ಆದರೆ ಆಗ ಬೇಕಾಗುವುದು ನಾಲ್ಕು ವರ್ಷದ ಏರಿಳಿತದ ಲೆಕ್ಕ, ನಡುರಾತ್ರಿಯ ಸಂದೇಶವಲ್ಲ.

ಮೊಬೈಲನ್ನೇ ಬಿಸಾಡಿ ಅಂತರಗಂಗೆ ಬೆಟ್ಟ ಹತ್ತಿ ಕುಳಿತುಕೊಳ್ಳಿ ಎನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಹಾಗೆ ಹೇಳುವವರೂ ಬೆಟ್ಟದ ಮೇಲಿಂದ ಫೋಟೋ ಹಾಕುತ್ತಾರೆ. ಮಾರಿದ ಹಣ ಬರುವುದೂ ಇದೇ ಫೋನಿಗೆ.

ಮಕ್ಕಳ ಕಳ್ಳರ ವದಂತಿಗೆ ಜನ ಬಲಿಯಾದ 2018ರಲ್ಲಿ, ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳುಹಿಸಬಹುದು ಎಂದು ವಾಟ್ಸ್‌ಆ್ಯಪ್ ನಮ್ಮ ದೇಶದಲ್ಲಿ ಮಿತಿ ಹಾಕಿತು. 2020ರಲ್ಲಿ, ಬಹಳ ಕೈ ದಾಟಿ ಬಂದ ಸಂದೇಶಕ್ಕೆ ಆ ಮಿತಿ ಒಂದಕ್ಕೆ ಇಳಿಯಿತು. ಕಳುಹಿಸುವವನ ಕೈಗೆ ಕಂಪನಿಯೇ ಕಡಿವಾಣ ಹಾಕಿತು. ನೋಡುವವನ ಕಣ್ಣಿಗೆ ಯಾರು ಹಾಕುತ್ತಾರೆ?

ನಾನೀಗ ಎರಡು ಗುಂಪು ಇಟ್ಟುಕೊಂಡು ಹನ್ನೆರಡರಿಂದ ಹೊರಬಂದಿದ್ದೇನೆ. ಬಹಳ ಕೈ ದಾಟಿದ್ದಕ್ಕೆ ವಾಟ್ಸ್‌ಆ್ಯಪ್ ಹಾಕುವ ಎರಡು ಬಾಣದ ಗುರುತು ಹೊತ್ತು ಬಂದದ್ದನ್ನು ತೆರೆಯುವುದೇ ಇಲ್ಲ. ಮೊದಲ ವಾರ ಕೈ ತಾನಾಗಿಯೇ ಜೇಬಿಗೆ ಹೋಗುತ್ತಿತ್ತು. ಬೀಡಿ ಬಿಟ್ಟವರು ಹೇಳುವ ಹಾಗೆಯೇ.

ನಿನ್ನೆ ಸಂಜೆ ಭಾವನ ಫೋನು ಬಂತು. "ಇವತ್ತು ಎಷ್ಟಕ್ಕೆ ಹೋಯಿತು, ಗೊತ್ತೇ?"

"ಗೊತ್ತಿಲ್ಲ ಭಾವ. ಮಂಡಿಯಿಂದ ಬಿಲ್ಲು ಬರಲಿ, ಹೇಳುತ್ತೇನೆ."

ಒಂದು ಕ್ಷಣ ಅವರಿಂದ ಮಾತೇ ಇಲ್ಲ. ಆಮೇಲೆ, "ಮೈಗೆ ಹುಷಾರಿಲ್ಲವೇನಯ್ಯಾ?" ಎಂದರು.