ಚಿಗರಿಗಾಗಿ ಐದು ಕಿಲೋಮೀಟರ್

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಹುಬ್ಬಳ್ಳಿಯ ಉಣಕಲ್ ಕೆರೆ ಹತ್ತಿರ ನಾವೆಲ್ಲ ಚಿಗರಿಗಾಗಿ ಓಡಿದೆವು. ಚಿಗರಿ ಅಂದರೆ ಕೃಷ್ಣಮೃಗ. ಬಿಡಿಸಿ ಹೇಳಲೇಬೇಕು, ನಮ್ಮೂರಲ್ಲಿ ಆ ಹೆಸರಿನ ಬಸ್ಸೂ ಇದೆ. 'ಚಿಗರಿ ಉಳಿಸಿ' ಎಂದು ಬರೆದ ಡಬ್ಬಿ ನೋಡಿ ಅಜ್ಜಿಯೊಬ್ಬರು ಗಾಬರಿಯಾದರು. "ಯಾಕಪಾ, ಬಂದ್ ಮಾಡಾಕತ್ತಾರೇನು? ನಾ ಧಾರವಾಡಕ್ಕ ಹೆಂಗ ಹೋಗ್ಲಿ?" ಎನ್ನುತ್ತಲೇ ಹತ್ತು ರೂಪಾಯಿ ಹಾಕಿದರು. ಆ ದಿನ ಏನನ್ನೂ ವಾಪಸ್ ಕೇಳದೆ ದುಡ್ಡು ಕೊಟ್ಟವರು ಬಹುಶಃ ಅವರೊಬ್ಬರೇ.

ಉಳಿದವರು 599 ರೂಪಾಯಿ ಕಟ್ಟಿದ್ದೆವು. ಅದಕ್ಕೆ ಟೀ ಶರ್ಟು, ಪದಕ, ಗಿರ್ಮಿಟ್ಟು, ಮಿರ್ಚಿ ಭಜಿ. ಟೀ ಶರ್ಟಿನ ಮೇಲಿದ್ದ ಜಿಂಕೆಗೆ ಮೈತುಂಬ ಚುಕ್ಕೆ. ಚಿಗರಿಗೆ ಚುಕ್ಕೆ ಇರಲ್ಲ, ಗಂಡಿಗೆ ತಿರುಚಿದ ಕೊಂಬು ಇರುತ್ತೆ ಅಂದೆ. "ಫೋಟೋ ಇದೇ ಚೆಂದ ಬಂತು ಸರ್" ಎಂದರು ಸಂಘಟಕರು. ತಾಸಿಗೆ 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಪ್ರಾಣಿಯ ಪರವಾಗಿ ನಾವು ಐದು ಕಿಲೋಮೀಟರನ್ನು ಒಂದೂಕಾಲು ತಾಸಿನಲ್ಲಿ ಮುಗಿಸಿದೆವು. ನಡುವೆ ಸೆಲ್ಫಿಗೆ ನಿಲ್ಲಬೇಕಿತ್ತಲ್ಲ.

ವೇದಿಕೆಯಲ್ಲಿ ರಾಣೆಬೆನ್ನೂರು ಕಡೆಯ ರೈತರೊಬ್ಬರನ್ನು ಕೂರಿಸಿದ್ದರು. ಎದೆಗೆ 'ಫಲಾನುಭವಿ' ಎಂಬ ಬಿಲ್ಲೆ. ಅಲ್ಲಿನ ಅಭಯಾರಣ್ಯ 1974ರದು, 119 ಚದರ ಕಿಲೋಮೀಟರ್. ಚಿಗರಿಗೆ ಬೇಕಾದದ್ದು ಬಯಲು ಮತ್ತು ಹುಲ್ಲು. ನಾವು ನೆಟ್ಟದ್ದು ನೀಲಗಿರಿ. ಅದೇ ಹುಲ್ಲುಗಾವಲಿನ ದೊಡ್ಡ ಹಕ್ಕಿ ಎರೆಲಡ್ಡು ಅಂತೂ ಈಗ ಅಲ್ಲಿ ಕಾಣುವುದೇ ಇಲ್ಲ. ಚಿಗರಿ ಪಕ್ಕದ ಹೊಲಕ್ಕೆ ನುಗ್ಗಿತು. ಗೋವಿನಜೋಳದ ಎಳೆ ಸುಳಿಯೂ ಅದಕ್ಕೆ ಹುಲ್ಲೇ ಅಲ್ವಾ? ಬೆಳೆ ಹೋದರೆ ಪರಿಹಾರ ಉಂಟು. ಉತಾರ (ಹೊಲದ ಪಹಣಿ), ಫೋಟೋ, ಅರ್ಜಿ ಹಿಡಿದು ಓಡಬೇಕು. ಆ ಓಟಕ್ಕೆ ಪದಕ ಇಲ್ಲ.

ರಾತ್ರಿಯೆಲ್ಲ ಹೊಲ ಕಾದು ಮೊದಲ ಬಸ್ಸಿಗೆ ಬಂದಿದ್ದ ಅವರು ಭಾಷಣದುದ್ದಕ್ಕೂ ತೂಕಡಿಸಿದರು. ಮೈಕು ಕೊಟ್ಟಾಗ ಹೇಳಿದ್ದು ಒಂದೇ ಮಾತು: "ಒಂದು ಛಲೋ ಬ್ಯಾಟರಿ ಕೊಡಿಸ್ರಿ ಸಾಹೇಬ್ರ, ರಾತ್ರಿ ಕಾಯಾಕ." ಜೋರು ಚಪ್ಪಾಳೆ. ಶಾಲು ಬಂತು, ಹಾವೇರಿಯ ಏಲಕ್ಕಿ ಮಾಲೆ ಬಂತು, ಆಳೆತ್ತರದ ಥರ್ಮಾಕೋಲ್ ಚೆಕ್ ಬಂತು. ಬ್ಯಾಟರಿ ಮಾತ್ರ ಬರಲಿಲ್ಲ. ಚೆಕ್ಕಿನಲ್ಲಿ ಮೊತ್ತದ ಜಾಗ ಖಾಲಿ. ಲೆಕ್ಕ ಇನ್ನೂ ಆಗಿಲ್ಲ ಅಂದರು.

ಆಮೇಲೆ ಆಯಿತು. ಪೆಂಡಾಲು, ಡ್ರೋನು, ಟೀ ಶರ್ಟು, ಅತಿಥಿಗಳಿಗೆ ಪೇಢೆ ಎಲ್ಲ ಕಳೆದು ಉಳಿದದ್ದನ್ನು ಮುಂದಿನ ವರ್ಷದ ಓಟದ ಪೆಂಡಾಲಿಗೆ ಮುಂಗಡ ಕೊಟ್ಟರು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ವನ್ಯಜೀವಿ ರಕ್ಷಣೆಯೂ ಅದರಲ್ಲಿ ಸೇರುತ್ತದೆ. ಹಾಗೆ ಒಂದು ಕಂಪನಿ ಓಟದ ಸಂಘಟಕರಿಗೂ ದುಡ್ಡು ಕೊಟ್ಟಿತ್ತು. ಫ್ಲೆಕ್ಸಿಗೆ.

ಆ ಫ್ಲೆಕ್ಸನ್ನು ರೈತರು ಕೇಳಿ, ಮಡಚಿ, ಬಗಲಲ್ಲಿಟ್ಟುಕೊಂಡು ಹೋದರು. ಅದರ ತುಂಬ ಅಧ್ಯಕ್ಷರ ಮುಖ, ಹತ್ತಡಿ ಅಗಲ. ಚಿಗರಿ ಮೂಲೆಯಲ್ಲಿ, ಅದೇ ಚುಕ್ಕೆಯದು. ಮೊನ್ನೆ ಫೋನ್ ಮಾಡಿದೆ.

"ಬದುವಿಗೆ ಕಟ್ಟೇನ್ರಿ. ಮೊದಲ ಎರಡು ದಿನ ಹೆದರಿದ್ವು."

"ಈಗ?"

"ಈಗ ತಿಂದು ಸಾಹೇಬ್ರ ನೆರಳಾಗ ಮಲಗತಾವ್ರಿ."